ಬಿಚ್ಚದೆ ಬಿಟ್ಟ ಹಗ್ಗ

ಸಿಯೋಲ್, ಕೊರಿಯಾ, 3 ಅಕ್ಟೋಬರ್ 1950, ಮಂಗಳವಾರ

ಮಗುವಿಗೆ ಇಪ್ಪತ್ತೊಂದು ದಿನ ತುಂಬಿದಾಗಲೇ ಬಾಗಿಲ ಹಗ್ಗ ಬಿಚ್ಚಬೇಕಿತ್ತು. ಗಂಡುಕೂಸಿಗೆಂದು ಕೆಂಪು ಮೆಣಸಿನಕಾಯಿ ಸಿಕ್ಕಿಸಿದ ಆ ಹುಲ್ಲುಹಗ್ಗ ಇರುವ ತನಕ ಹೊರಗಿನವರು ಒಳಗೆ ಕಾಲಿಡುವುದಿಲ್ಲ. ಉತ್ತರದ ಸೈನ್ಯಕ್ಕೆ ಗಂಡಸರನ್ನು ಹಿಡಿಯಲು ಬಂದವರೂ ಅದನ್ನು ಕಂಡು ಹಿಂದಿರುಗಿದರು. ಅಟ್ಟದಲ್ಲಿ ಅಡಗಿದ್ದ ನಮ್ಮ ಯಜಮಾನರು ಉಳಿದರು. ಅದಕ್ಕೇ ಬಿಚ್ಚಲಿಲ್ಲ. ನನ್ನ ತಮ್ಮ ಗ್ಯುಸಿಕ್‌ನನ್ನು ಬೇಸಿಗೆಯಲ್ಲೇ ಬೀದಿಯಿಂದ ಎಳೆದೊಯ್ದಿದ್ದರು.

ಈಗ ಉತ್ತರದವರು ಓಡಿದ್ದಾರೆ. ಮಧ್ಯಾಹ್ನ ಇಬ್ಬರು ಅಮೆರಿಕದ ಸೈನಿಕರು ಹಗ್ಗದಡಿ ತಲೆ ಬಗ್ಗಿಸಿ ನೇರವಾಗಿ ಒಳಗೆ ಬಂದರು. ಒಬ್ಬ ಮೆಣಸಿನಕಾಯಿ ಕಿತ್ತು ಕಚ್ಚಿ ಕೆಮ್ಮಿದ, ಇನ್ನೊಬ್ಬ ನಕ್ಕ. ಮನೆಯೆಲ್ಲ ಹುಡುಕಿ ಹೋದರು.

ಆಮೇಲೆ ಎದುರುಮನೆಯ ಅಜ್ಜಿ ಬಂದು ಹೊಸ್ತಿಲಾಚೆಯೇ ಕುಳಿತರು.

"ನಿನ್ ತಮ್ಮ ಬೆಳಗಿನ ಜಾವ ಬಂದಿದ್ದ ಕಣೇ. ಸೈನ್ಯದಿಂದ ತಪ್ಪಿಸ್ಕೊಂಡು ಬಂದನಂತೆ. ಬಾಗ್ಲು ತಟ್ಟೋ ಅಂದ್ರೆ, 'ಹಗ್ಗ ಕಾಣ್ಸಲ್ವಾ ಅಜ್ಜಿ? ಹೆಣ ಹೊತ್ತ ಕೈ ಇದು, ಹಸುಗೂಸಿರೋ ಮನೆಗೆ ಹೇಗೆ ಹೋಗ್ಲಿ' ಅಂದ. ನಾನು ಕೊಟ್ಟ ತಂಗಳನ್ನ ನಿಂತೇ ತಿಂದು ಬೆಟ್ಟದ ಕಡೆ ಹೋದ."

"ದಿನ ಮುಗಿದಿದೆ ಅಂತ ಹೇಳ್ಬಾರ್ದಿತ್ತಾ ಅಜ್ಜಿ?"

"ಯಾರಿಗೂ ಹೇಳ್ಬೇಡಿ ಅಂತ ಕೈ ಹಿಡ್ಕೊಂಡು ಬೇಡ್ಕೊಂಡೋಳು ನೀನೇ ತಾನೆ?"

ಉತ್ತರದವರ ಸಮವಸ್ತ್ರ ತೊಟ್ಟವನು ಸಿಕ್ಕರೆ ಈಗಿನವರು ವಿಚಾರಿಸುವುದಿಲ್ಲ, ಗುಂಡು ಹಾರಿಸುತ್ತಾರೆ. ಇವರ ಅಂಗಿಯೊಂದನ್ನು ಕೊಟ್ಟಿದ್ದರೂ ಸಾಕಿತ್ತು.

ಹಗ್ಗವನ್ನು ಒಲೆಗೆ ಹಾಕಿದೆ. ಇವರು ಮಲಗು ಎನ್ನುತ್ತಾರೆ. ಅಜ್ಜಿಯದೇನೂ ತಪ್ಪಿಲ್ಲ, ಬೇಡಿಕೊಂಡದ್ದು ನಿಜ. ಆದರೆ ಯಾರಿಗೂ ಎಂದರೆ ಅವನಿಗೂ ಎಂದು ನಾನು…