ಹೆಂಡತಿ ಸತ್ತ ಮೇಲೆ ನಿಂತ ಸೂಜಿ

ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತು ಅನ್ಯರ ಅಗತ್ಯಗಳನ್ನು ನಿರ್ಧರಿಸುವ ಮಾನ್ಯ ವೈದ್ಯಾಧಿಕಾರಿಗಳೇ,

ನನ್ನ ಹೆಂಡತಿ ಶಾಂಭವಿ ತೀರಿಕೊಂಡಳೆಂಬ ಕಾರಣಕ್ಕೆ ತಾವು ನನ್ನ ಟೆಸ್ಟೋಸ್ಟಿರೋನ್ ಚುಚ್ಚುಮದ್ದು ನಿಲ್ಲಿಸಿದ್ದೀರಿ. ಇದನ್ನು ಪತ್ರಿಕೆಗೆ ಬರೆಯಲು ನಾಚಿಕೆಯಾಗಬೇಕಿತ್ತು. ಆಗುತ್ತಿಲ್ಲ. ನನ್ನ ದೂರು ಅದೇ.

ಹದಿಹರೆಯದಲ್ಲಿ ಮಂಗನಬಾವು ಬಂದು ನನ್ನ ವೃಷಣಗಳು ಕೆಟ್ಟವು. ದೇಹ ತಯಾರಿಸದ ಹಾರ್ಮೋನನ್ನು ಹೊರಗಿನಿಂದ ಕೊಡಬೇಕೆಂದು ತಮ್ಮ ಹಿಂದಿನವರು ಬರೆದುಕೊಟ್ಟರು. ವರ್ಷಗಟ್ಟಲೆ ಅದು ನಡೆದಿತ್ತು. ಶಾಂಭವಿಯನ್ನು ನಮ್ಮ ಹೊಲದಲ್ಲಿ ಮಣ್ಣು ಮಾಡಿದ ದಿನ ನಾನು ಅತ್ತ ರೀತಿಗೆ ಇಬ್ಬರು ಹಿಡಿದುಕೊಳ್ಳಬೇಕಾಯಿತು. ಮುಂದಿನ ಸೂಜಿಗೆ ಬಂದಾಗ ತಾವು ತುಂಬಿದ ಕೋಣೆಯಲ್ಲಿ ಕೇಳಿದಿರಿ: "ಹೆಂಡ್ತಿ ಹೋದಮೇಲೆ ಇದ್ಯಾಕ್ರೀ ನಿಮಗೆ?" ಸಾಲಿನಲ್ಲಿದ್ದ ಮೈಲಪ್ಪ, "ಎರಡನೇದು ಗೊತ್ತು ಮಾಡ್ಯಾನೇನೋ ಬಿಡ್ರಿ ಸಾಹೇಬ್ರ!" ಎಂದ. ಎಲ್ಲರೂ ನಕ್ಕರು. ತಾವೂ.

ರಕ್ತ ಪರೀಕ್ಷೆ ಏಕೆ? ಪಡಿತರ ಚೀಟಿ ಸಾಕಾಯಿತು. ಅಲ್ಲೊಂದು ಹೆಸರು ಹೊಡೆದುಹಾಕಿದರು, ಇಲ್ಲೊಂದು ಔಷಧಿ ರದ್ದಾಯಿತು. ರಕ್ತ ಗಟ್ಟಿಯಾಗುತ್ತದೆ, ಪ್ರಾಸ್ಟೇಟಿಗೆ ಒಳ್ಳೆಯದಲ್ಲ ಎಂದು ಆಮೇಲೆ ಹೇಳಿದಿರಿ. ಇರಬಹುದು. ಆ ಅಪಾಯ ಶಾಂಭವಿ ಬದುಕಿದ್ದಾಗ ಇರಲಿಲ್ಲವೇ? ಸೂಜಿ ನಿಂತ ಮೇಲೆ ಬಂದ ನನ್ನ ಜಡತೆಯನ್ನು ವಿವರಿಸಿದಾಗ, "ಅದು ದುಃಖ ಕಣ್ರೀ, ದುಃಖಕ್ಕೆ ಸೂಜಿ ಇಲ್ಲ" ಎಂದಿರಿ. ಸ್ವಾಮಿ, ದುಃಖ ನನಗೆ ಗೊತ್ತಿತ್ತು. ಈಗಿರುವುದು ಅದಲ್ಲ.

ಕಂಡರಿಯದ ದೇಶದ ಮುದುಕಿಯೊಬ್ಬಳು ಕನ್ನಡಕ್ಕೆ ಬಂದ ಕಾದಂಬರಿಯಲ್ಲಿ ಸತ್ತರೂ ಪುಸ್ತಕ ಮುಚ್ಚಿಟ್ಟು ಕೂರುತ್ತಿದ್ದವನು ನಾನು. ಈಗ ಪುಟ ತಿರುಗಿಸುತ್ತೇನೆ. ಶಾಂಭವಿಯ ಸೀರೆಗಳನ್ನು ಮಡಚಿಟ್ಟೆ. ಅಂಗಡಿಯವನು ಮಡಚಿದ ಹಾಗೆ, ಅಂಚು ಕೂಡಿಸಿ. ಮಾಗಳದಿಂದ ಬಂದಿದ್ದ ಅತ್ತೆ ಕೊಟ್ರಮ್ಮ ನೋಡುತ್ತಿದ್ದರು. "ಏನ್ರೀ ಅಳಿಯಂದ್ರ, ಆಕಿ ಫೋಟೋದ ಮುಂದ ಕುಂತು ಮಂಡಕ್ಕಿ ತಿಂತೀರಲ್ಲ! ನಿಮಗೇನೂ ಅನಸಂಗಿಲ್ಲೇನು?"

"ಇಲ್ರಿ" ಎಂದೆ. ಮಂಡಕ್ಕಿ ಮುಗಿಸಿದೆ. ಅವರು ಮಧ್ಯಾಹ್ನದ ಬಸ್ಸಿಗೇ ಹೊರಟುಹೋದರು.

ಮುಂದಿನ ತಿಂಗಳು ಶಾಂಭವಿಯ ವರ್ಷದ ಪುಣ್ಯಸ್ಮರಣೆ. ಅಷ್ಟರೊಳಗೆ ನನ್ನ ರಕ್ತ ಪರೀಕ್ಷಿಸಿ ಚುಚ್ಚುಮದ್ದು ಕೊಡಿ. ಕೊಡಲಾಗದಿದ್ದರೆ ಕಾರಣ ಬರೆದುಕೊಡಿ. ಅದರಲ್ಲಿ ನನ್ನ ಹೆಂಡತಿಯ ಪ್ರಸ್ತಾಪ ಇರಕೂಡದು. ಇನ್ನೊಂದು ಮದುವೆ ನನಗೆ ಬೇಡ. ಅವಳಿಲ್ಲವೆಂಬುದು ನನಗೆ ತಿಳಿದಿದೆ, ತಟ್ಟುತ್ತಿಲ್ಲ. ಆ ದುಃಖವಷ್ಟೇ ಮರಳಿ ಬೇಕು.

ಇಂತಿ,
ತಮ್ಮ ಸಾಲಿನಲ್ಲಿ ಎಲ್ಲರನ್ನೂ ನಗಿಸಿದ,
ಗುರುಬಸವರಾಜ
೨೦೦೩