ನಿಂತ ಕಾಲಿನ ಅಳತೆ

ಅಂಗಡಿಯ ಹಿಂದಿನ ಕೋಣೆಯಿಂದ,
ಮಾರ್ಚ್ ೨೩, ಭಾನುವಾರ ಬೆಳಿಗ್ಗೆ

ನನ್ನ ಪ್ರೀತಿಯ ಮೊಂಡ ತಮ್ಮನಿಗೆ,

ಹೇಗಿದ್ದೀಯೋ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಕಾರಿನಲ್ಲಿ ಕೂತು ಊರೂರು ಸುತ್ತಿ ಬೂಟಿನ ಕಂಪನಿಯ ಸಾಮಾನು ಮಾರುವವನಿಗೆ ಬೆನ್ನು ನೋಯದೆ ಇನ್ನೇನಾಗುತ್ತದೆ ಹೇಳು. ಬಿಸಿನೀರಿನ ಚೀಲ ಇಟ್ಟುಕೊ, ಮೆತ್ತನೆಯ ಹಾಸಿಗೆ ಬಿಟ್ಟು ಗಟ್ಟಿ ಹಾಸಿಗೆಯ ಮೇಲೆ ಮಲಗು. ಅಕ್ಕನ ಮಾತು ಕೇಳಿದರೆ ನಿನ್ನ ಗಂಟೇನೂ ಹೋಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ಮೆಟ್ಟಿಲು ಕಂಡರೆ ಬಲ ಮಂಡಿ ಮುನಿಸಿಕೊಳ್ಳುತ್ತದೆ, ಅಷ್ಟೇ. ಹೊಲಿಗೆ ಚಿಕ್ಕಮ್ಮನಿಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ನನ್ನ ಒಂದೊಂದು ಬಿಳಿ ಕೂದಲೂ ಕಾಣತೊಡಗಿದೆ, ದಿನಾ ಎಣಿಸಿ ಹೇಳುತ್ತಾಳೆ. ನಿನ್ನ ಮಗಳು ಗುಬ್ಬಿ ಹೇಗಿದ್ದಾಳೆ ಎಂದು ಮಾತ್ರ ನಾನು ಕೇಳುವುದಿಲ್ಲ. ಯಾಕೆ ಎಂಬುದು ಕೊನೆಗೆ ತಿಳಿಯುತ್ತದೆ, ಹಾರಿಸಿ ಓದಬೇಡ.

ನಿನ್ನ ಕಾಗದ ಬಂತು, ಜೊತೆಗೆ ನಿನ್ನ ಕಂಪನಿಯ ಒಪ್ಪಂದವೂ ಬಂತು. ಎಷ್ಟು ದೊಡ್ಡ ಕಾಗದವಪ್ಪಾ ಅದು, ಬಿಡಿಸಿದರೆ ಅರ್ಧ ಮೇಜು ಮುಚ್ಚುತ್ತದೆ! ನಮ್ಮ ಅಂಗಡಿಯ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಹಳತಾಯಿತು, ಈ ತಿಂಗಳಾಚೆ ಅದನ್ನು ಮಾಡಿದವರು ಅದರ ಕಡೆ ತಿರುಗಿಯೂ ನೋಡುವುದಿಲ್ಲ, ಕಳ್ಳ ನುಗ್ಗಿದರೂ ಕೇಳುವವರಿಲ್ಲ ಎಂದು ಬರೆದಿದ್ದೀಯ. ಸರಿ, ಅದು ನಿಜ. ನಾನೂ ವಿಚಾರಿಸಿದೆ, ನೀನು ಸುಳ್ಳು ಹೇಳಿಲ್ಲ. ಆದ್ದರಿಂದ ಕಂಪನಿಯ ಹೊಸ ಕಂಪ್ಯೂಟರ್ ಪೆಟ್ಟಿಗೆ ಇಟ್ಟುಕೊಂಡು ಕಂಪನಿ ಹೇಳಿದ ಹಾಗೆ ನಡೆ ಎಂದೆಯಲ್ಲ, ಅಲ್ಲಿಯವರೆಗೂ ಸಮಾಧಾನದಿಂದಲೇ ಓದಿದೆ. ಆಮೇಲೆ ಫೋನಿನಲ್ಲಿ ನೀನೊಂದು ಮಾತು ಆಡಿದೆ ನೋಡು, "ಅಕ್ಕಾ, ಇದೆಲ್ಲಾ ನಿನ್ನ ಕೈಲಾಗೋ ಕೆಲ್ಸ ಅಲ್ಲ, ಸುಮ್ನೆ ಸಹಿ ಹಾಕ್ಬಿಡು" ಅಂತ. ನನಗೆ ಮೈಯೆಲ್ಲ ಉರಿದುಹೋಯಿತು ಕಣೋ. ನಿನಗೆ ಚರ್ಮ ಹೆರೆಯುವುದನ್ನು ಕಲಿಸಿದ್ದು ಈ ಕೈಯೇ.

ಒಪ್ಪಂದವನ್ನು ನಾನು ಪೂರ್ತಿ ಓದಿದೆ. ಎರಡು ಸಲ ಓದಿದೆ. ಏಳನೆಯ ಕಲಮು ನೀನು ಓದಿದ್ದೀಯೋ ಇಲ್ಲವೋ? ಗಿರಾಕಿಗಳ ಕಾಲಿನ ಅಳತೆಗಳೆಲ್ಲ ಕಂಪನಿಯ ಉಗ್ರಾಣದಲ್ಲಿ ಇರುತ್ತವಂತೆ, ನಾನು ಒಪ್ಪಂದ ಮುಂದುವರಿಸದಿದ್ದರೆ ಅವು ನನಗೆ ತೆರೆಯುವುದೇ ಇಲ್ಲವಂತೆ. ನಾನೂರ ಹನ್ನೆರಡು ಜನರ ಕಾಲು ತಮ್ಮಾ! ಒಂದು ಗಿಡ್ಡ, ಒಂದು ಉದ್ದ, ಒಳಗೆ ತಿರುಗಿದ್ದು, ಬೆರಳಿಲ್ಲದ್ದು, ಸುಟ್ಟದ್ದು. ಅಪ್ಪ ಕಂದು ಕಾಗದದ ಮೇಲೆ ಬರೆದಿಟ್ಟವು, ನಾನು ಹನ್ನೊಂದು ವರ್ಷ ಕೂತು ಒಂದೊಂದಾಗಿ ಕಂಪ್ಯೂಟರಿಗೆ ಏರಿಸಿದವು. ಇನ್ನು ನಿಮ್ಮ ಪೆಟ್ಟಿಗೆಯೊಳಗೆ ಕಾಲುಗಳು ಹನ್ನೆರಡೇ ಬಗೆ. ಪಟ್ಟಿಯಲ್ಲಿ ಒಂದನ್ನು ಒತ್ತಬೇಕು, ಒತ್ತದಿದ್ದರೆ ಮುಂದಕ್ಕೆ ಹೋಗದು. ನನ್ನ ಎಡಗಾಲು ಆ ಹನ್ನೆರಡರಲ್ಲಿ ಯಾವುದು, ಹೇಳು ನೋಡೋಣ. ಒಂದೂವರೆ ಬೆರಳಿನಷ್ಟು ಗಿಡ್ಡ ಇದ್ದ ಈ ಕಾಲಿಗೋಸ್ಕರವೇ ಅಲ್ಲವೇ ಅಪ್ಪ ಮಾಮೂಲಿ ಚಪ್ಪಲಿ ಬಿಟ್ಟು ಈ ಕೆಲಸ ಹಿಡಿದದ್ದು. ಕಾಲಿಗೆ ತಕ್ಕ ಚಪ್ಪಲಿ ಮಾಡಬೇಕು, ಚಪ್ಪಲಿಗೆ ತಕ್ಕ ಕಾಲನ್ನು ಹುಡುಕಬಾರದು ಎಂದು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದುದು ನಿನ್ನ ಕಿವಿಗೂ ಬಿದ್ದಿತ್ತು.

ಅದಕ್ಕೇ ನಾನು ಗ್ರಂಥಾಲಯಕ್ಕೆ ಹೋದೆ. ಅಲ್ಲಿಯ ಮೇಡಂ, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಕನ್ನಡಕ ಹುಡುಕುತ್ತಾರಲ್ಲ, ಅವರೇ, ನನ್ನ ಗೋಳು ಕೇಳಿ ನಕ್ಕರು. "ಅಯ್ಯೋ, ಮುಕ್ತ ತಂತ್ರಾಂಶದ ಸಿಸ್ಟಮ್‌ಗಳು ಬೇಕಾದಷ್ಟಿವೆ ಕಣ್ರೀ, ಈ ಲೈಬ್ರರಿ ನಡೀತಿರೋದೇ ಅದ್ರಲ್ಲಿ" ಎಂದರು. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ತೆರೆದು ನೋಡಬಹುದಂತೆ, ತಿದ್ದಬಹುದಂತೆ, ಪಕ್ಕದ ಮನೆಯವರಿಗೂ ಹಂಚಬಹುದಂತೆ. ಅಪ್ಪ ತಾವು ಕೆತ್ತಿದ ಪಾದದ ಅಚ್ಚುಗಳನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದ ಹಾಗೆ. ಆದರೆ ಪಟ್ಟಿ ನೋಡಿ ತಲೆ ತಿರುಗಿತು. ಒಂದಲ್ಲ ಎರಡಲ್ಲ, ಲಿನಕ್ಸ್ ಎಂಬ ಒಂದೇ ಮನೆತನದಲ್ಲಿ ನೂರಾರು ಮಕ್ಕಳು! ಯಾವುದು ಒಳ್ಳೆಯದು ಎಂದು ಕೇಳಿದರೆ ಮೇಡಂ, "ಯಾರಿಗೆ ಒಳ್ಳೇದು?" ಎಂದು ನನ್ನನ್ನೇ ತಿರುಗಿ ಕೇಳಿದರು. ಆಗ ನನಗೆ ಸಿಟ್ಟು ಬಂತು, ಈಗ ಅವರ ಕಾಲಿಗೆ ಬೀಳಬೇಕೆನಿಸುತ್ತದೆ.

ಮೊದಲು ಸಿಕ್ಕಿದ್ದು ನಮ್ಮ ಎದುರು ಅಂಗಡಿಯ ರೇಡಿಯೋ ಮಾವ. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬುದು ನಿನಗೆ ಗೊತ್ತಿಲ್ಲದ್ದೇನಲ್ಲ. ಪೆನ್‌ಡ್ರೈವ್ ಹಿಡಿದು ಓಡಿಬಂದು ತಾವು ಇಪ್ಪತ್ತು ವರ್ಷದಿಂದ ಬಳಸುವುದನ್ನೇ ನನಗೂ ತೋರಿಸಿದರು. ಕಪ್ಪು ಪರದೆ, ಬಿಳಿ ಅಕ್ಷರ. ಒಂದು ಚಿತ್ರ ತೆರೆಯಬೇಕಾದರೂ ಮಂತ್ರದ ಹಾಗೆ ಒಂದು ಸಾಲು ಬರೆಯಬೇಕು. "ಬುದ್ಧಿವಂತ್ರು ಬಳಸೋದು ಇದನ್ನೇ" ಎಂದರು. ಹಾಗಾದರೆ ನಾನು ದಡ್ಡಿ, ಮುಂದಿನದು ತೋರಿಸಿ ಮಾವಾ ಎಂದೆ. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು. ಅದು ಕೆಟ್ಟದ್ದು ಅನ್ನುವುದಿಲ್ಲ. ಅವರ ಕಾಲಿಗೆ ಸರಿಯಾಗಿ ಕೂತಿದೆ, ನನ್ನ ಕಾಲನ್ನು ಕಚ್ಚುತ್ತದೆ, ಅಷ್ಟೇ.

ಆಮೇಲಿನದು ನನ್ನದೇ ತಪ್ಪು, ಮುಚ್ಚಿಡುವುದಿಲ್ಲ. ಗ್ರಂಥಾಲಯದ ಪೆನ್‌ಡ್ರೈವ್‌ಗಳಲ್ಲಿ ಒಂದು ತುಂಬ ಚೆಂದದ್ದು ಇತ್ತು. ಗಾಜಿನಂಥ ಕಿಟಕಿಗಳು, ಅಲ್ಲಾಡಿಸಿದರೆ ನೀರಿನ ಹಾಗೆ ತುಳುಕುತ್ತಿದ್ದವು. ಪೆನ್‌ಡ್ರೈವ್ ಚುಚ್ಚಿ ಅದರಿಂದಲೇ ನಡೆಸಿದರೆ ಕಂಪ್ಯೂಟರಿನಲ್ಲಿ ಇರುವುದೇನೂ ಹಾಳಾಗುವುದಿಲ್ಲ, ಬೇಕಾದಷ್ಟು ಹೊತ್ತು ಹಾಕಿ ನೋಡಿ ತೆಗೆಯಬಹುದು. ನಾನು ಅರ್ಧ ದಿನ ಕೂತು ಕಿಟಕಿ ತೆರೆದೆ, ಮುಚ್ಚಿದೆ, ಹಿನ್ನೆಲೆಯ ಬಣ್ಣ ಬದಲಿಸಿದೆ, ಚಿಕ್ಕಮ್ಮನನ್ನೂ ಕರೆದು ತೋರಿಸಿದೆ. ಇದೇ ಸರಿ ಎಂದು ತೀರ್ಮಾನಿಸಿಬಿಟ್ಟೆ. ಮರುದಿನ ಟಪಾಲಿನವನ ಬೂಟಿನ ನಕ್ಷೆ ತೆರೆದು, ಚರ್ಮ ಕತ್ತರಿಸುವ ಯಂತ್ರಕ್ಕೆ ಕಳಿಸಿದೆನೋ ಇಲ್ಲವೋ, ನಮ್ಮ ಮುದುಕ ಕಂಪ್ಯೂಟರು ಏದುಸಿರು ಬಿಡತೊಡಗಿತು. ಮೂಗಿಗಿಂತ ಮೂಗುತಿ ಭಾರ! ಕತ್ತರಿ ಅರ್ಧ ಹಿಮ್ಮಡಿಯವರೆಗೆ ಹೋಗಿ ನಿಂತಿತು. ಒಂದು ಒಳ್ಳೆಯ ಹದ ಮಾಡಿದ ಚರ್ಮ ಹಾಳಾಯಿತು. ನನಗೆ ಅಳುವೇ ಬಂತು. ನಿನ್ನ ಮಾತೇ ನಿಜವೇನೋ, ನನ್ನ ಕೈಲಾಗುವುದಿಲ್ಲವೇನೋ ಎಂದು ಒಂದು ಗಳಿಗೆ ಅನ್ನಿಸಿತು. ನಿನ್ನ ಒಪ್ಪಂದವನ್ನು ಬಿಡಿಸಿಟ್ಟು ಪೆನ್ನಿನ ಮುಚ್ಚಳ ಕೂಡ ತೆಗೆದಿದ್ದೆ.

ಆಗ ಚಿಕ್ಕಮ್ಮ ಸೂಜಿಗೆ ದಾರ ಪೋಣಿಸುತ್ತಾ, ತಲೆ ಕೂಡ ಎತ್ತದೆ, "ಕೂತ ಕಾಲಿನ ಅಳ್ತೆ ತಗೊಂಡ್ಯಲ್ಲೇ, ಇನ್ನೇನಾಗತ್ತೆ?" ಎಂದಳು. ನೆನಪಿದೆಯೇನೋ? ಅಪ್ಪ ಯಾರನ್ನೂ ಕೂರಿಸಿ ಅಳತೆ ತೆಗೆದವರಲ್ಲ. ಕೂತ ಕಾಲು ಸುಳ್ಳು ಹೇಳುತ್ತದೆ, ಮೈಭಾರ ಬಿದ್ದಾಗಲೇ ಪಾದ ನಿಜವಾಗಿ ಎಷ್ಟು ಹರಡುತ್ತದೆ, ಎಲ್ಲಿ ಕುಸಿಯುತ್ತದೆ ಎಂದು ಕಾಣುವುದು ಎನ್ನುತ್ತಿದ್ದರು. ನಿಲ್ಲಲಾರದ ಅಜ್ಜನನ್ನು ಕೂಡ ಇಬ್ಬರು ಹಿಡಿದು ನಿಲ್ಲಿಸಿ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದರು. ಅವರ ಮಗಳಾಗಿ ನಾನು ಆ ಸಿಸ್ಟಮ್ಮನ್ನು ಕೂರಿಸಿ, ಅಂದ ನೋಡಿ ಅಳೆದಿದ್ದೆ. ಒಂದು ಚೂರೂ ಭಾರ ಹಾಕಿರಲಿಲ್ಲ. ನಾಚಿಕೆಯಾಯಿತು ಕಣೋ.

ಪೆನ್ನಿನ ಮುಚ್ಚಳ ತೆಗೆದದ್ದು ಹೇಗೂ ತೆಗೆದಿದ್ದೆನಲ್ಲ, ಒಂದು ಅಳತೆ ಚೀಟಿ ಬರೆದೆ. ಹೊಸ ಗಿರಾಕಿ ಬಂದರೆ ಬರೆಯುತ್ತೇವಲ್ಲ, ಹಾಗೆಯೇ. ಗಿರಾಕಿಯ ಹೆಸರಿನ ಜಾಗದಲ್ಲಿ 'ನಾನು' ಎಂದು ಹಾಕಿದೆ. ನನ್ನ ಯಂತ್ರ ಮುದುಕ, ಅದಕ್ಕೆ ಹಗುರವಾದದ್ದು ಬೇಕು. ಕತ್ತರಿ ಯಂತ್ರದ ಜೊತೆ ಅದಕ್ಕೆ ಮಾತು ಬರಬೇಕು. ಕನ್ನಡ ಅಕ್ಷರ ಒಡೆಯದೆ ಮೂಡಬೇಕು, ಇಲ್ಲದಿದ್ದರೆ ಚಿಕ್ಕಮ್ಮ ಓದುವುದು ಹೇಗೆ? ಐದು ವರ್ಷವಾದರೂ ಅದನ್ನು ನೋಡಿಕೊಳ್ಳುವವರು ಇರಬೇಕು, ದಿನಕ್ಕೊಂದು ವೇಷ ಹಾಕಬಾರದು. ಏನಾದರೂ ಕೆಟ್ಟರೆ ಕೇಳಲು ಜನ ಬೇಕು, ಆ ಜನ ನನ್ನನ್ನು ನೋಡಿ ನಗಬಾರದು. ಆಟ ನನಗೆ ಬೇಡ, ಸಿನಿಮಾ ಬೇಡ, ತುಳುಕುವ ಕಿಟಕಿಯಂತೂ ಬೇಡವೇ ಬೇಡ. ಆ ಚೀಟಿ ಹಿಡಿದು ಹೋದರೆ ಮೇಡಂ ನೂರಾರರಲ್ಲಿ ಮೂರನ್ನು ಉಳಿಸಿದರು. ಮೂರನ್ನೂ ನಿಲ್ಲಿಸಿ ಅಳೆದೆ. ಕತ್ತರಿ ಯಂತ್ರ ಹಚ್ಚಿ, ಟಪಾಲಿನವನ ಅದೇ ಬೂಟನ್ನು, ಈ ಸಲ ರಟ್ಟಿನ ಮೇಲೆ, ಪ್ರತಿಯೊಂದರಿಂದಲೂ ಕತ್ತರಿಸಿದೆ. ಮೊದಲನೆಯದಕ್ಕೆ ಯಂತ್ರ ಕಾಣಿಸಲೇ ಇಲ್ಲ. ಎರಡನೆಯದರಲ್ಲಿ ಕನ್ನಡ ಅಕ್ಷರ ಒಡೆಯಿತು. ಮೂರನೆಯದು, ನೋಡಲು ಏನೇನೂ ಅಲ್ಲ, ಬೂದು ಬಣ್ಣ, ಸಪ್ಪೆ ಮುಖ, ಆದರೆ ಹಿಮ್ಮಡಿಯಿಂದ ಬೆರಳತುದಿಯವರೆಗೆ ಕೂದಲೆಳೆಯಷ್ಟೂ ತಪ್ಪದೆ ಕತ್ತರಿಸಿಕೊಟ್ಟಿತು. ಸಂತೋಷಕ್ಕೆ ನಾನು ಕೂಗಿದ್ದು ಎದುರಂಗಡಿಗೂ ಕೇಳಿಸಿ, ಮಾತು ಬಿಟ್ಟಿದ್ದ ಮಾವನೂ ಓಡಿಬಂದರು.

ಅದನ್ನು ನೆಲೆಯಾಗಿ ಕೂರಿಸಿದ್ದು ಹೋದ ಭಾನುವಾರ ಬೆಳಿಗ್ಗೆ. ಮೊದಲು ನಾನೂರ ಹನ್ನೆರಡು ಕಾಲುಗಳನ್ನೂ ಬೇರೆ ಬೇರೆ ಎರಡು ಡಿಸ್ಕುಗಳಿಗೆ ನಕಲು ಮಾಡಿ, ಒಂದನ್ನು ಅಂಗಡಿಯಲ್ಲಿ, ಇನ್ನೊಂದನ್ನು ಮೇಡಂ ಬಳಿ ಇಟ್ಟೆ. ಎರಡನ್ನೂ ತೆರೆದು ನೋಡಿದೆ, ತೆರೆಯದ ನಕಲನ್ನು ನಂಬಬೇಡಿ ಎಂದು ಅವರು ಹೇಳಿದ್ದರು. ಆಮೇಲೆ ಪರದೆಯ ಮೇಲೆ ಬಂತು ನೋಡು ಒಂದು ಪ್ರಶ್ನೆ: ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಬೇಕೇ? ಮಾವ ಕೈ ಮುಂದೆ ಮಾಡಿದರು, ನಾನೇ ಒತ್ತಲಾ ಎಂದು. ಬೇಡ, ಅಳಿಸುವುದಾದರೂ ನನ್ನ ಕೈಯಿಂದಲೇ ಅಳಿಸಲಿ ಎಂದು ನಾನೇ ಒತ್ತಿದೆ. ಅರ್ಧ ಗಂಟೆಯಲ್ಲಿ ಎದ್ದು ಕೂತಿತು. ಮೊದಲು ತೆರೆದದ್ದು ಅಪ್ಪ ತೆಗೆದ ಮೊಟ್ಟಮೊದಲ ಅಳತೆ, ಏಳು ವರ್ಷದ ನನ್ನ ಎಡಗಾಲು. ಇತ್ತು. ಎಲ್ಲವೂ ಇತ್ತು.

ಎಲ್ಲ ಸುಸೂತ್ರ ಎಂದು ಬೊಗಳೆ ಬಿಡುವುದಿಲ್ಲ. ಹಳೆಯ ನಕ್ಷೆ ಬರೆಯುವ ತಂತ್ರಾಂಶ ಇದರಲ್ಲಿ ನಡೆಯುವುದಿಲ್ಲ, ಬೇರೆಯದನ್ನು ಮಗುವಿನ ಹಾಗೆ ಕಲಿಯುತ್ತಿದ್ದೇನೆ. ಪ್ರಿಂಟರು ಎರಡು ದಿನ ಜಪ್ಪಯ್ಯ ಎಂದರೂ ಕೇಳಲಿಲ್ಲ. ಕೊನೆಗೆ ಈ ಸಿಸ್ಟಮ್ ಬಳಸುವವರೆಲ್ಲ ಇಂಟರ್ನೆಟ್ಟಿನಲ್ಲಿ ಸೇರುವ ಫೋರಮ್ಮಿನಲ್ಲಿ ಬರೆದುಕೊಂಡೆ. ಮುಖ ಮೂತಿ ಗೊತ್ತಿಲ್ಲದ ಯಾರೋ ಒಬ್ಬ ಮೇಷ್ಟರು, ತಮ್ಮ ಊಟದ ಬಿಡುವಿನಲ್ಲಿ ಕೂತು ಏಳು ಸಾಲಿನಲ್ಲಿ ದಾರಿ ತೋರಿಸಿದರು. ಪ್ರಿಂಟರು ಗೊಣಗುತ್ತಾ ಎದ್ದಿತು. ಏಳನೆಯ ಕಲಮಿನ ಬಗ್ಗೆ ಕೇಳಲು ಹೋಗಿ ನಿಮ್ಮ ಕಂಪನಿಯ ಸಹಾಯವಾಣಿಯಲ್ಲಿ ಮುಕ್ಕಾಲು ಗಂಟೆ ಸಂಗೀತ ಕೇಳಿದವಳು ನಾನು, ಮರೆತಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಉತ್ತರ ನಿನಗೆ ತಿಳಿದಿರಬೇಕು. ನಾನು ಸಹಿ ಹಾಕುವುದಿಲ್ಲ. ಈ ತಿಂಗಳಿಗೂ ಇಲ್ಲ, ಮುಂದಿನ ತಿಂಗಳಿಗೂ ಇಲ್ಲ. ಅಕ್ಕನಿಗೆ ವಯಸ್ಸಾಯಿತು, ಹಠ ಮಾಡುತ್ತಾಳೆ ಎಂದು ನಿನ್ನ ಮೇಲಿನವರಿಗೆ ಧಾರಾಳವಾಗಿ ಹೇಳಿಕೊ. ಹಠ ಹೌದು. ಈ ಹಠ ಇಲ್ಲದಿದ್ದರೆ ನಾನು ಇವತ್ತಿಗೂ ಗೋಡೆ ಹಿಡಿದುಕೊಂಡೇ ನಡೆಯುತ್ತಿದ್ದೆ.

ಬೆನ್ನು ನೋಡಿಕೊ. ಹೊತ್ತಿಗೆ ಸರಿಯಾಗಿ ಊಟ ಮಾಡು. ಚಿಕ್ಕಮ್ಮ ನಿನ್ನ ಕಿವಿ ಹಿಂಡಿದ್ದೇನೆ ಎಂದು ಬರೆಯಲು ಹೇಳಿದ್ದಾಳೆ, ಮಾವ ಕೇಳಿದ್ದೇನೆ ಎಂದು ಹೇಳಿದ್ದಾರೆ. ನೀನು ನೂರು ವರ್ಷ ಚೆನ್ನಾಗಿ ಬಾಳು, ಆದರೆ ಅದರಲ್ಲಿ ಒಂದೆರಡು ದಿನವಾದರೂ ಅಕ್ಕನ ಮಾತು ಕೇಳು.

ಇಂತು ನಿನ್ನ
ಹಠಮಾರಿ ಅಕ್ಕ

ಮರೆತೆ, ಇದನ್ನು ಅವಸರದಲ್ಲಿ ಬರೆಯುತ್ತಿದ್ದೇನೆ, ರಜೆಯ ದಿನವೆಂದು ಬೂಟಿಗೆ ಬಂದ ಟಪಾಲಿನವನು ಅದನ್ನು ಹಾಕಿ ನೋಡಿಕೊಂಡು ಕಾಗದಕ್ಕೆ ಕಾಯುತ್ತಾ ನಿಂತಿದ್ದಾನೆ. ಒಪ್ಪಂದವನ್ನು ವಾಪಸ್ಸಾದರೂ ಕಳಿಸು ಎಂದಿದ್ದೆಯಲ್ಲ, ಅದೂ ಆಗುವುದಿಲ್ಲ. ಮಂಗಳವಾರ ನಿನ್ನ ಹೆಂಡತಿ ಗುಬ್ಬಿಯನ್ನು ಎತ್ತಿಕೊಂಡು ಬಂದಿದ್ದಳು, ನಿನಗೆ ಹೇಳದೆ. ಅವಳ ಮೇಲೆ ರೇಗಬೇಡ. ನಿಮ್ಮ ಕಂಪನಿಯ ಒಂಬತ್ತನೇ ಬಗೆಯ ಬೂಟು ಹಾಕಿ ಹಾಕಿ ಮಗುವಿನ ಬಲ ಹಿಮ್ಮಡಿ ಹಸಿ ಗಾಯವಾಗಿದೆ. ಎರಡು ತಿಂಗಳಿನಿಂದ ಹೀಗಂತೆ. ತನ್ನಪ್ಪನ, ಅಂದರೆ ನಿನ್ನ, ಕೆಲಸಕ್ಕೆ ತೊಂದರೆಯಾಗುತ್ತದೆ ಎಂದು ಆ ಮಗು ಬಾಯಿ ಬಿಟ್ಟಿಲ್ಲ, ನೋವು ನುಂಗಿಕೊಂಡು ಶಾಲೆಗೆ ಹೋಗಿದೆ. ಕಂದು ಕಾಗದದ ಸುರುಳಿ ಮುಗಿದಿತ್ತು. ಮೇಜಿನ ಮೇಲೆ ದೊಡ್ಡ ಕಾಗದ ಎಂದರೆ ನಿನ್ನ ಒಪ್ಪಂದ ಒಂದೇ. ಅದನ್ನೇ ಬೋರಲು ಹಾಸಿ, ಗುಬ್ಬಿಯನ್ನು ನಿಲ್ಲಿಸಿ, ಎರಡೂ ಪಾದದ ಸುತ್ತ ಗೆರೆ ಎಳೆದೆ. ನಾನೂರ ಹದಿಮೂರನೆಯವಳು. ಬೂಟು ಶನಿವಾರಕ್ಕೆ ಸಿದ್ಧವಾಗುತ್ತದೆ. ಬೇರೆ ಯಾರ ಕೈಗೂ ಕೊಡುವುದಿಲ್ಲ, ನೀನೇ ಬಂದು ನಿನ್ನ ಕೈಯಿಂದ ಅವಳಿಗೆ ಹಾಕಬೇಕು. ಹಿಂದಿನ ಬಾಗಿಲಿನಿಂದ ಬಾ, ನೀನು ಕೂತು ಚರ್ಮ ಹೆರೆಯುತ್ತಿದ್ದ ಮಣೆ ಇದ್ದಲ್ಲೇ ಇದೆ.