ಮೋಟಾರಿನ ಹಿಂದಿನ ಗಾದಿ

ಕುಷ್ಟಗಿ,
ತಾ. 20 ಫೆಬ್ರುವರಿ 1938

ಅಕ್ಕ ಮುದುಕಮ್ಮನಿಗೆ,

ನಿನ್ನ ತಂಗಿ ವಿರೂಪಾಕ್ಷಮ್ಮ ಕುಷ್ಟಗಿಯಿಂದಲೇ ನಿನ್ನ ಕಾಲಿಗೆ ಬೀಳುತ್ತಾಳೆ. ಅವ್ವನ ಕಾಲನ್ನೂ ನನ್ನ ಹೆಸರಿನಲ್ಲಿ ಒಂದು ಸಲ ಮುಟ್ಟು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ, ಅದಕ್ಕೆ ಬರೆದಿದ್ದೇನೆ.

ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಟಪಾಲಿಗೆ ಹಾಕಿದರೆ ನಮ್ಮ ಮಾವನವರು ಒಡೆದು ಓದದೆ ಬಿಡುವವರಲ್ಲ. ಬಳೆಗಾರ್ತಿ ಬಾಷಾಬಿ ಈ ಕಡೆ ಬರುವ ತನಕ ನಾನು ಕಾಯಬೇಕು. ಮೊನ್ನೆ ಬಂದವಳು ಬಳೆ ಇಡಿಸುತ್ತ ಇಡಿಸುತ್ತ ನಿನ್ನ ಕಾಗದವನ್ನು ನನ್ನ ಸೆರಗಿಗೆ ಜಾರಿಸಿದಳು. ಅದರಲ್ಲಿ ನೀನೊಂದು ಮಾತು ಕೇಳಿದ್ದೀ. ಅದಕ್ಕೆ ಈಗಲೇ ಬರೆಯಲು ಕೈ ಏಳುತ್ತಿಲ್ಲ. ಮೊದಲು ಮೋಟಾರಿನ ಸುದ್ದಿ ಕೇಳು.

ನಮ್ಮ ಮನೆಯ ಮೋಟಾರು ನಿನಗೆ ಗೊತ್ತು. ನನ್ನ ಮದುವೆಯ ದಿಬ್ಬಣ ಹೊತ್ತದ್ದು ಅದೇ. ಆಮೇಲೆ ಅದರ ಕಮಾನು ಮುರಿದು ದನದ ಕೊಟ್ಟಿಗೆಯ ಪಕ್ಕ ನಿಂತುಬಿಟ್ಟಿತು. ನಿಂತರೂ ಅದು ಮನೆಗೆ ಬಂದ ಲಕ್ಷ್ಮಿಯಲ್ಲವೇ? ಪ್ರತಿ ಮಂಗಳವಾರ, ಶುಕ್ರವಾರ ಅದರ ಅಡಿಯ ನೆಲವನ್ನು ಸಗಣಿ ಹಾಕಿ ಸಾರಿಸಬೇಕೆಂದು ಅತ್ತೆಯ ಕಟ್ಟಪ್ಪಣೆ. ಸೊಸೆಯಂದಿರಲ್ಲಿ ಸಣಕಲು ದೇಹದವಳು ನಾನೇ. ಬಸವನಹುಳುವಿನ ಹಾಗೆ ಅದರ ಕೆಳಗೆ ತೆವಳಿ ಸಾರಿಸುತ್ತಿದ್ದೆ. ಮೇಲಿನಿಂದ ಅರಿಷಿಣ ಕುಂಕುಮ, ಕೆಳಗಿನಿಂದ ಸಗಣಿ ನೀರಿನ ಹಸಿ. ಮೇಲೆ ನೋಡಿದರೆ ಮದುವಣಗಿತ್ತಿ, ಕೆಳಗೆಲ್ಲ ತುಕ್ಕು.

ಕಳೆದ ದೀಪಾವಳಿಯ ನಂತರ ಇವರಿಗೆ ಅದೇನು ಹುಕಿ ಬಂತೋ, ಮೋಟಾರನ್ನು ತಾವೇ ರಿಪೇರಿ ಮಾಡುತ್ತೇನೆಂದು ಹಟ ಹಿಡಿದರು. ಅದರ ಕೆಳಗೆ ಹೋಗಿ ಬೆರಳಿನಿಂದ ಒತ್ತಿದರೆ ತಗಡು ಹಪ್ಪಳದಂತೆ ಪುಡಿಯಾಯಿತಂತೆ. ಹೊರಗೆ ಬಂದು ನನ್ನನ್ನು ನೋಡಿ, "ಸಾರಿಸಿ ಸಾರಿಸಿ ಮೋಟಾರ್ ತಿಂದೀದಿ ನೋಡು," ಎಂದರು. ನಾನೇನು ಬಿಡುತ್ತೇನೆಯೇ? "ತಿನ್ನಿಸಿದವರು ಒಳಗ ಅದಾರ, ಹೋಗಿ ಅವರನ್ನ ಕೇಳ್ರಿ," ಎಂದೆ. ಅತ್ತೆಗೆ ಕೇಳಿಸಿಯೇಬಿಟ್ಟಿತು. "ಅಂದಪ್ಪಾ, ನಿನ್ನ ಹೇಂತಿ ನಾಲಿಗಿ ಭಾಳ ಉದ್ದ ಆಗೇತಿ. ಸಾರಿಸೋದು ಬಿಟ್ರ ಲಕ್ಷ್ಮಿ ಮನಿ ಬಿಟ್ಟು ಹೊಕ್ಕಾಳು, ತಿಳೀತ?" ಎಂದು ಒಳಗಿನಿಂದಲೇ ಕೂಗಿದರು. ಕಡೆಗೆ ನಾನೇ ಉಪಾಯ ಹೂಡಿ, ಸಗಣಿಯ ಬದಲು ಒಲೆಯ ಬೂದಿ ಹರಡುತ್ತೇನೆ, ಅದೂ ವಿಭೂತಿಯೇ ತಾನೆ, ಎಂದು ಒಪ್ಪಿಸಿದೆ.

ಇವರ ಭುಜ ಅಗಲ. ಎಷ್ಟೋ ಸಂದಿಗಳಲ್ಲಿ ಇವರ ಕೈ ಹೋಗುತ್ತಿರಲಿಲ್ಲ. ಹೀಗಾಗಿ ನನಗೆ ಕರೆ ಬಂತು. ಕಳೆ ತೆಗೆಯುವ ಕುರ್ಚಿಗೆಯಿಂದ ತುಕ್ಕು ಕೆರೆದೆ, ಹುಣಸೆಹುಳಿ ಹಚ್ಚಿ ಇಟ್ಟಿಗೆಯಿಂದ ತಿಕ್ಕಿದೆ. ತೂತು ಬಿದ್ದ ಕಡೆ ಇವರು ಚಿಮಣಿ ಎಣ್ಣೆಯ ಡಬ್ಬಿ ಕತ್ತರಿಸಿ ತೇಪೆ ಹೊಡೆದರು. ಕುಸುಬೆ ಎಣ್ಣೆಯನ್ನು ಅಂಟು ಬರುವ ತನಕ ಕಾಯಿಸಿ, ದೀಪದ ಕಾಡಿಗೆ ಕಲೆಸಿ, ಎರಡು ಕೈ ಬಳಿದೆವು. ನನ್ನ ಉಗುರಿನ ಕಪ್ಪು ಇನ್ನೂ ಹೋಗಿಲ್ಲ. ಹೋಗದಿರಲಿ ಎಂದೇ ನನಗೆ ಆಸೆ.

ಅಕ್ಕ, ನಿನ್ನ ಮುಂದೆ ನಾಚಿಕೆ ಏಕೆ? ಈ ಮನೆಯಲ್ಲಿ ಹಿರಿಯರ ಎದುರು ಗಂಡನ ಜೊತೆ ಹಗಲು ಹೊತ್ತು ಮಾತಾಡುವಂತಿಲ್ಲ. ಆದರೆ ಮೋಟಾರಿನ ಅಡಿಯಲ್ಲಿ ಇಬ್ಬರೂ ಅಂಗಾತ ಮಲಗಿ ಕೆಲಸ ಮಾಡುವಾಗ ನಮ್ಮ ಮುಖ ಯಾರಿಗೂ ಕಾಣುತ್ತಿರಲಿಲ್ಲ, ಸುತ್ತಿಗೆಯ ಸದ್ದಿನಲ್ಲಿ ಮಾತು ಯಾರಿಗೂ ಕೇಳುತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ಇವರಿಗೆ ನಗಲು ಬರುತ್ತದೆ ಎಂದು ನನಗೆ ಅಲ್ಲಿ ಗೊತ್ತಾಯಿತು. ನಾನು ಅವ್ವನ ಸುದ್ದಿ ತೆಗೆದದ್ದೂ ಅಲ್ಲಿಯೇ.

ನಾದಿನಿಯ ಲಗ್ನದಲ್ಲಿ ನಿಮ್ಮ ಮನೆಯ ಭಾವನವರಿಗೆ ಮೊದಲ ವೀಳ್ಯ ಕೊಡಲಿಲ್ಲವೆಂದು ಅವರು ಪಂಕ್ತಿಯಿಂದ ಎದ್ದು ಹೋದರು. "ಇನ್ನ ಆ ಮನಿ ಹೊಸ್ತಿಲಾ ನಮ್ಮವರು ಯಾರೂ ತುಳಿಯಂಗಿಲ್ಲ," ಎಂದು ಮಾವನವರು ಎಲ್ಲರೆದುರು ಆಣೆ ಇಟ್ಟರು. ನಿನ್ನ ಗಂಡನದೂ ತಪ್ಪೇ, ನನ್ನ ಮಾವನದೂ ತಪ್ಪೇ. ಅವ್ವ ನಿಮ್ಮಲ್ಲೇ ಇರುವುದರಿಂದ ಎರಡು ಎಲೆ, ಒಂದು ಅಡಿಕೆಗೆ ನನ್ನ ತವರಿನ ಬಾಗಿಲು ಮುಚ್ಚಿತು. ಅವ್ವ ಹಾಸಿಗೆ ಹಿಡಿದಿದ್ದಾಳೆ ಎಂದು ನೀನು ತಿಳಿಸಿದಾಗ ನಾನು ಚಕ್ಕಡಿ ಕೇಳಿದೆ. "ಎತ್ತಿಗೆ ಪುರಸೊತ್ತಿಲ್ಲ," ಎಂದರು. ಎತ್ತಿಗೆ ಪುರಸೊತ್ತಿಲ್ಲವಂತೆ! ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ನಿಂತಿದ್ದವು.

ಇದನ್ನೆಲ್ಲ ಕೇಳುತ್ತ ಇವರು ಒಂದು ತಿರುಪು ಬಿಗಿ ಮಾಡಿದರು. ಆಮೇಲೆ, "ರಿಪೇರಿ ಆದ ಮ್ಯಾಲೆ ದೂರ ಓಡಿಸಿ ನೋಡಬೇಕಲ್ಲ? ಓಡಿಸಿ ನೋಡೂಮುಂದ ಹಿಂದ ಭಾರ ಬೇಕಲ್ಲ? ನೀನ ಭಾರ. ಗಂಗಾವತಿ ದಾಟಿದ್ರ ನಿಮ್ಮ ಆನೆಗೊಂದಿ ಎಷ್ಟು ದೂರ?" ಎಂದರು. ನನಗೆ ಅಳು ಬಂತು, ನಗುವೂ ಬಂತು. "ನಾ ಎಷ್ಟ ಭಾರ ಅದೀನ್ರಿ, ಇದ್ದರ ಕೋಳಿ ಭಾರ," ಎಂದೆ. ಬಾಷಾಬಿ ಬಂದ ಕೂಡಲೇ ಅವಳ ಕೈಯಲ್ಲಿ ಅವ್ವನಿಗೆ ಹೇಳಿ ಕಳಿಸಿದೆ: ಮೋಟಾರು ರಿಪೇರಿಗೆ ಬಿದ್ದಿದೆ, ಅದರಲ್ಲೇ ಬರುತ್ತೇನೆ, ಅದರ ಹಾರನ್ ಒಡೆದು ಕರು ಕೂಗಿದಂತೆ ಕೂಗುತ್ತದೆ, ಆ ಸದ್ದು ಕೇಳಿದರೆ ನಾನೇ ಎಂದು ತಿಳಿ.

ಇನ್ನು ಕಮಾನಿನ ಮಾತು. ಒಂದರ ಮೇಲೊಂದು ಕೂರಿಸಿದ ಉಕ್ಕಿನ ಪಟ್ಟಿಗಳವು, ಗಾಲಿಯ ಕುಲುಕನ್ನು ತಾವು ನುಂಗಿ ಮೇಲೆ ಕುಳಿತವರನ್ನು ಕಾಯುತ್ತವೆ. ಮುರಿದ ಪಟ್ಟಿ ಬದಲಿಸಿದರೆ ಸಾಕು ಎಂದು ಇವರ ಲೆಕ್ಕ. ನಾನೇ ಹಟ ಮಾಡಿದೆ. "ನಮ್ಮೂರ ದಾರಿ ಬರೇ ಬಂಡಿಗಲ್ಲು. ಇನ್ನೂ ಎರಡು ಪಟ್ಟಿ ಕೂಡಸ್ರಿ, ಅವ್ವನ್ನ ಗಂಗಾವತಿ ಡಾಕ್ಟರ್ ಕಡೆ ಕರಕೊಂಡು ಹೋಗಾಕೂ ಬೇಕಾಗತೈತಿ," ಎಂದೆ. ಕೆಟ್ಟುನಿಂತ ಲಾರಿಯೊಂದರ ಪಟ್ಟಿಗಳನ್ನು ತಂದು, ಕಮ್ಮಾರರ ಕುಲುಮೆಯಲ್ಲಿ ಕಾಯಿಸಿ ಬಾಗಿಸಿ, ಎಣ್ಣೆಯಲ್ಲಿ ಅದ್ದಿ ಹದ ಮಾಡಿಸಿಕೊಂಡು ಬಂದರು. ಪಟ್ಟಿ ಪಟ್ಟಿಯ ನಡುವೆ ಔಡಲೆಣ್ಣೆ ಸವರಿದವಳು ನಾನು. ಬಾಣಂತಿಯ ಬೆನ್ನಿಗೂ ಅಷ್ಟು ಅಕ್ಕರೆಯಿಂದ ಎಣ್ಣೆ ಹಚ್ಚಿದವಳಲ್ಲ.

ಮೋಟಾರು ಎದ್ದಿತು ಅಕ್ಕ! ಹೊಗೆ ಕಾರಿ, ಕೆಮ್ಮಿ, ಗುಡುಗುಡು ಎಂದಿತು. ಓಣಿಯ ಮಂದಿಯೆಲ್ಲ ನೆರೆದರು. ಓಡಿಸಿ ನೋಡುವ ದಿನ ನಾನು ಇಳಕಲ್ಲ ಸೀರೆ ಉಟ್ಟು, ಅವ್ವನಿಗೆಂದು ಎಳ್ಳು ಹೋಳಿಗೆ ಕಟ್ಟಿಕೊಂಡು, ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದೆ. ಇವರು ಧೈರ್ಯ ಮಾಡಿ, "ಹಿಂದ ಭಾರಕ್ಕ ಇಕಿ ಕೂತ್ರ ಛಲೋ," ಎಂದು ಹೇಳಿಯೂ ಹೇಳಿದರು. ಮಾವನವರು ನನ್ನ ಕಡೆ ನೋಡಲೂ ಇಲ್ಲ. "ಭಾರಕ್ಕ ಹೆಣ್ಮಗಳು ಯಾಕೋ? ಹತ್ತಿ ಚೀಲಾ ಹಾಕು," ಎಂದರು.

ಹಾಕಿದರು. ಒಂದು ಚೀಲ, ಎರಡು, ಆಮೇಲೆ ಮತ್ತೂ ಒಂದು. ಕಮಾನು ಬಗ್ಗಲಿಲ್ಲ. ಮಾವನವರು ಸುತ್ತ ತಿರುಗಿ, ಬಗ್ಗಿ ನೋಡಿ, ಮಗನ ಬೆನ್ನು ಚಪ್ಪರಿಸಿದರು. "ಭಲೇ! ಇದರಾಗ ಮಂದಿ ಕೂಡಿಸಿ ಏನ್ ಮಾಡೂದೈತಿ? ಹಿಂದಿನ ಗಾದಿ ಕಿತ್ತು ಒಗೀರಿ. ಮಾಲು ಹೇರೂಣು," ಎಂದರು. ನಾನು ಅವ್ವನಿಗಾಗಿ ಗಟ್ಟಿ ಮಾಡಿಸಿದ ಕಮಾನು ಹತ್ತಿಯ ಪಾಲಾಯಿತು. ಬಡಕಲು ಕಮಾನೇ ಇದ್ದಿದ್ದರೆ ಆ ಗಾದಿಯಾದರೂ ಉಳಿಯುತ್ತಿತ್ತು.

ಈಗ ಮೋಟಾರು ದಿನಾ ಹೋಗುತ್ತದೆ. ಹೋಗುವಾಗ ಹತ್ತಿ, ಬರುವಾಗ ನೆಲ್ಲಕ್ಕಿ. ಅದರ ಅಡಿಗೆ ಹೋಗುವ ಕೆಲಸ ನನಗಿನ್ನು ಇಲ್ಲ, ಆ ಮಾತುಗಳೂ ಇಲ್ಲ. ಇವರು ಊಟಕ್ಕೆ ಕುಳಿತಾಗ ನಾನು ಬಡಿಸುತ್ತೇನೆ, ಇವರು ರೊಟ್ಟಿಯನ್ನೇ ನೋಡುತ್ತ ಉಣ್ಣುತ್ತಾರೆ. ಕಿತ್ತ ಗಾದಿಯನ್ನು ಪಡಸಾಲೆಯಲ್ಲಿ ಗೋಡೆಗೆ ಹಚ್ಚಿ ಹಾಕಿದ್ದಾರೆ. ಮಂಗಳವಾರ, ಶುಕ್ರವಾರ ಅದನ್ನು ಒರೆಸುವುದು ನನ್ನ ಪಾಲಿಗೆ ಬಂದಿದೆ. ಅತ್ತೆ ಬಾವಿಯ ಕಡೆ ಹೋಗಿದ್ದಾರೆ, ಅದರ ಮೇಲೆಯೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಭಾಳ ಮೆತ್ತಗಿದೆ. ಎದುರಿಗೆ ಗೋಡೆ.

ನಿನ್ನ ಮಕ್ಕಳಿಗೆ ಚಿಕ್ಕವ್ವನ ಆಶೀರ್ವಾದ, ನೂರು ವರ್ಷ ಬಾಳಲಿ. ಭಾವನವರಿಗೆ ನಮಸ್ಕಾರ, ಅವರ ಮೇಲಿನ ಸಿಟ್ಟು ನನ್ನಲ್ಲೇ ಇರಲಿ. ಅವ್ವನಿಗೆ ಗಂಜಿಯಲ್ಲಿ ಜೀರಿಗೆ ಹಾಕುವುದು ಮರೆಯಬೇಡ.

ನಿನ್ನ ತಂಗಿ,
ವಿರೂಪಾಕ್ಷಮ್ಮ

ತಾ.ಕ.: ನೀನು ಕೇಳಿದ ಮಾತು. ಹೋದ ಸೋಮವಾರ ಆನೆಗೊಂದಿಯ ಹೊರಗಿನ ಬಾಳೆತೋಟದ ಹತ್ತಿರ ಒಂದು ಮೋಟಾರು ಬಂದು ಕರುವಿನಂತೆ ಕೂಗಿತು, ಅವ್ವ "ವಿರುಪವ್ವ ಬಂದ್ಲು" ಎಂದು ಗೋಡೆ ಹಿಡಿದು ಎದ್ದು, ಹೊರಗಿನ ಕಟ್ಟೆಯ ಮೇಲೆ ಹೊತ್ತು ಮುಳುಗುವ ತನಕ ಕುಳಿತಳು, ಅದು ನಿಮ್ಮದೇ ಏನು ಎಂದು ಬರೆದಿದ್ದೀ. ಆ ದಿನ ನಮ್ಮ ಮನೆಗೆ ಬಾಳೆಗೊನೆ ಬಂದವು. ಗಂಗಾವತಿ ಪೇಟೆಯವು ಎಂದರು. ನಾನೂ ಎರಡು ಹಣ್ಣು ತಿಂದೆ. ನಿನ್ನ ಕಾಗದ ಓದಿದ ಮೇಲೆ ಇವರನ್ನು ಅಡ್ಡಗಟ್ಟಿ ಕೇಳಿದೆ. "ಅಪ್ಪ ಬಾಜೂಕ ಕೂತಿದ್ದ. ಇಳಿಯಾಕ ಆಗಲಿಲ್ಲ. ನಿಮ್ಮವ್ವಗ ಕೇಳಲಿ ಅಂತ ಹಾರನ್ನರ ಹೊಡದೆ," ಎಂದರು.

ಅಕ್ಕ, ಅವ್ವನಿಗೆ ಹೇಳು: ಅದು ಬೇರೆ ಯಾರದೋ ಮೋಟಾರು. ನಮ್ಮದು ಇನ್ನೂ ರಿಪೇರಿ ಆಗಿಲ್ಲ.